ಅಳಿಸುವ ಮೊದಲು ಓದಿರಿ

ಹೊಸದುರ್ಗದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಲೋಲಕದ ಪ್ರಯೋಗವನ್ನು ಮೂರು ವಾರ ನಡೆಸಿ, ಅಳತೆಗಳನ್ನೆಲ್ಲ ಗಣಕದಲ್ಲಿ ಬರೆದಿಟ್ಟಿದ್ದನು. ಒಂದು ಸಂಜೆ ವಿದ್ಯುತ್ತು ಥಟ್ಟನೆ ನಿಂತಿತು. ಮರಳಿ ಬಂದಾಗ ಯಂತ್ರವು ಅರ್ಧ ಎದ್ದು ಅಲ್ಲಿಯೇ ಸ್ತಬ್ಧವಾಯಿತು. ಯಾರೋ “ಫಾರ್ಮ್ಯಾಟ್ ಮಾಡಿಬಿಡಿ” ಎಂದರು, ಹಾಗೆಯೇ ಆಯಿತು. ಗಣಕವು ಬದುಕಿತು, ಮೂರು ವಾರದ ದುಡಿಮೆ ಅಳಿಯಿತು.

ಈ ಅವಸರದ ಚಿಕಿತ್ಸೆಯು ವಿಜ್ಞಾನವನ್ನು ಕಲಿಯುವವರಿಗೆ ಸಲ್ಲದೆಂಬುದು ನನ್ನ ಅಭಿಪ್ರಾಯ.

ಯಂತ್ರವು ಹೀಗೆ ನಿಲ್ಲುವುದೇಕೆ? ಡಿಸ್ಕಿನಲ್ಲಿ ಮಾಹಿತಿಯನ್ನು ಒಂದೆಡೆ ಬರೆದು, ಅದು ಎಲ್ಲಿದೆಯೆಂಬುದನ್ನು ಇನ್ನೊಂದೆಡೆ ಪಟ್ಟಿಮಾಡಬೇಕಾಗುತ್ತದೆ. ನಡುವೆ ವಿದ್ಯುತ್ತು ಹೋದರೆ, ಕೊಬ್ಬರಿ ಮಂಡಿಯಲ್ಲಿ ಮೂಟೆ ಇಳಿಸಿ ಪುಸ್ತಕದಲ್ಲಿ ಬರೆಯುವ ಮೊದಲೇ ದೀಪ ಆರಿದಂತೆ, ಸರಕಿಗೂ ಲೆಕ್ಕಕ್ಕೂ ತಾಳೆಯಾಗದು. ಇದಕ್ಕೆಂದೇ ವಿಂಡೋಸ್, ಲಿನಕ್ಸ್ ಮುಂತಾದ ಆಪರೇಟಿಂಗ್ ಸಿಸ್ಟಮ್‌ಗಳು ಮಾಡಲಿರುವ ಬದಲಾವಣೆಯನ್ನು ಮೊದಲೇ ಒಂದು ದಿನಚರಿಯಲ್ಲಿ ಗುರುತಿಸಿಕೊಳ್ಳುತ್ತವೆ. ಆದರೂ ಒಮ್ಮೊಮ್ಮೆ ಪೆಟ್ಟು ಬೀಳುವುದುಂಟು. ಆಗ ಕೆಡುವುದು ಅನೇಕ ವೇಳೆ ಒಂದು ಪುಟವೇ ಹೊರತು ಇಡೀ ಪುಸ್ತಕವಲ್ಲ.

ಕಾರಣ ಬೇರೆಯಾದರೂ ಪಾಠ ಒಂದೇ ಎಂಬುದಕ್ಕೆ 2024ರ ಜುಲೈ 19ರ ಘಟನೆ ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ಎಬ್ಬಿಸಿದರೆ ಪುನಃ ಕುಸಿಯುತ್ತಿದ್ದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿ ನಿಂತರು. ಮದ್ದೇನು? ಸೇಫ್ ಮೋಡ್‌ನಲ್ಲಿ, ಎಂದರೆ ಅತ್ಯಗತ್ಯ ಭಾಗಗಳನ್ನಷ್ಟೇ ಎಬ್ಬಿಸಿ, ಆ ಒಂದು ಕಡತವನ್ನು ತೆಗೆದುಹಾಕುವುದು.

ಆದುದರಿಂದ ಮೊದಲು ಪರದೆಯ ಮೇಲಿನ ಕೊನೆಯ ಸಾಲನ್ನು ಬರೆದುಕೊಳ್ಳಿರಿ. ಹೊರಗಿನಿಂದ ಜೋಡಿಸಿದ ಸಾಧನಗಳನ್ನು ಬಿಡಿಸಿ ನೋಡಿರಿ. ಆಗಲೂ ಏಳದಿದ್ದರೆ, ಪೆನ್‌ಡ್ರೈವಿನಲ್ಲಿರುವ ಲಿನಕ್ಸ್‌ನಿಂದ ಯಂತ್ರವನ್ನು ಎಬ್ಬಿಸಿ ನಿಮ್ಮ ಕಡತಗಳನ್ನು ಬೇರೆಡೆಗೆ ನಕಲು ಮಾಡಿರಿ. ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ಕೆಲಸ ಅನಂತರದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ; ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಫಾರ್ಮ್ಯಾಟ್ ಮಾಡಿದರೆ ಹೊತ್ತು ಉಳಿಯುವುದೆಂಬ ವಾದವುಂಟು. ನಕಲು ಬೇರೆಡೆ ಇದ್ದಾಗ ಅದು ಒಪ್ಪತಕ್ಕ ಮಾತೇ. ಆದರೆ ಡಿಸ್ಕೇ ಸವೆದಿದ್ದರೆ, ಕಾರಣವನ್ನು ಅರಿಯದೆ ಅಳಿಸಿದವನು ಕೆಲವೇ ದಿನಗಳಲ್ಲಿ ಮತ್ತೆ ಅದೇ ಸ್ತಬ್ಧ ಪರದೆಯ ಮುಂದೆ ಕುಳಿತಿರುತ್ತಾನೆ.

ಈಗ ನಮ್ಮ ಪ್ರಯೋಗಶಾಲೆಯ ಗಣಕದ ಪಕ್ಕದಲ್ಲಿ ಒಂದು ನೋಟುಪುಸ್ತಕವಿದೆ. ಯಂತ್ರ ನಿಂತಾಗ ಅದು ಕೊನೆಗೆ ಏನು ಹೇಳಿತೆಂದು ಅದರಲ್ಲಿ ಬರೆಯದೆ ಯಾರೂ ಕೀಲಿಮಣೆಯನ್ನು ಮುಟ್ಟಕೂಡದು. ಮೊದಲ ಪುಟವನ್ನು ಬರೆದವನು ಆ ಲೋಲಕದ ಹುಡುಗನೇ.