ಹೊದಿಸಿದ ಶಾಲು ಯಾರ ಮಗ್ಗದ್ದು?

ಶಾಲೆಯಿಂದ ನಿವೃತ್ತನಾದ ವರ್ಷ ನನಗೆ ಊರೂರಲ್ಲಿ ಸನ್ಮಾನಗಳಾದವು. ಹಳೆಯ ವಿದ್ಯಾರ್ಥಿಗಳು, ಸಂಘದವರು, ಜಾತ್ರಾ ಕಮಿಟಿಯವರು, ಎಲ್ಲರೂ ಪ್ರೀತಿಯಿಂದ ಶಾಲು ಹೊದಿಸಿದರು. ಹದಿನಾಲ್ಕು ಶಾಲು ಟ್ರಂಕಿನಲ್ಲಿ ಕೂತವು. ಮಳೆಗಾಲ ಮುಗಿದ ಮೇಲೆ ಒಂದು ದಿನ ಅವನ್ನು ತೆಗೆದು ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದೆ. ನಮ್ಮ ಓಣಿಯ ಹಿರಿಯ ನೇಕಾರರೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ಒಂದೊಂದು ಶಾಲನ್ನೂ ಎರಡು ಬೆರಳಲ್ಲಿ ತಿಕ್ಕಿ ನೋಡಿ ಕೇಳಿದರು: "ಮಾಸ್ತರ್ರ, ಇದರಾಗ ಒಂದರ ಕೈಮಗ್ಗದ್ದು ಐತೇನ್ರಿ?"

ಇರಲಿಲ್ಲ. ಹದಿನಾಲ್ಕೂ ಯಂತ್ರದ ಪಾಲಿಯೆಸ್ಟರ್. "ನಿಮಗ ಸನ್ಮಾನ ಆತು ಬಿಡ್ರಿ," ಎಂದು ನಕ್ಕರು. ಆ ನಗೆ ನನಗೆ ಚುಚ್ಚಿತು. ಏಕೆಂದರೆ ಅದೇ ವರ್ಷ ಅವರು ತಮ್ಮ ಮಗ್ಗದ ಕುಣಿಗೆ ಮಣ್ಣು ತುಂಬಿಸಿ, ಮೇಲೆ ಫರಸಿ ಹಾಸಿದ್ದರು. ಆ ಎಲ್ಲ ಸಮಾರಂಭಗಳಲ್ಲಿ ಕಾಯಕದ ಬಗ್ಗೆ ಭಾಷಣಗಳಾಗಿದ್ದವು. ಅವುಗಳಲ್ಲಿ ಕೆಲವನ್ನು ಮಾಡಿದವನು ನಾನೇ.

ಸುರೇಬಾನವನ್ನು ಹೊರಗಿನವರು ಶಬರಿಕೊಳ್ಳದ ಹೆಸರಿನಿಂದ ಬಲ್ಲರು. ಇಲ್ಲಿ ಹುಟ್ಟಿದ ನಮಗೆ ಈ ಊರೆಂದರೆ ಲಾಳಿಯ ಸದ್ದು. ಸುರೇಬಾನ, ಮನಿಹಾಳ, ರಾಮದುರ್ಗದ ನೇಕಾರ ಓಣಿಗಳಲ್ಲಿ ನಸುಕಿಗೇ ಮಗ್ಗ ಮಾತಾಡುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಈಗ ಕೇಳುವುದು ಹೆಚ್ಚಾಗಿ ವಿದ್ಯುತ್ ಮಗ್ಗದ ಸದ್ದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ತಾಲೂಕಿನ ಎಷ್ಟೋ ಮಗ್ಗಗಳು ನೀರು ಕುಡಿದವು. ಅದರ ಬೆನ್ನಿಗೇ ಕೊರೋನಾ ಬಂತು. ಆದರೆ ನಮ್ಮ ಕೈಮಗ್ಗ ಸೊರಗಿದ್ದು ಬರೀ ನೆರೆಯಿಂದಲೋ ರೋಗದಿಂದಲೋ ಅಲ್ಲ. ಅದು ಅದಕ್ಕೂ ಮೊದಲೇ ಸೊರಗಿತ್ತು.

ಲೆಕ್ಕ ನೋಡೋಣ. ದೇಶದಲ್ಲಿ 2009-10ರ ಗಣತಿಯಲ್ಲಿ ಸುಮಾರು 43 ಲಕ್ಷ ಕೈಮಗ್ಗ ಕೆಲಸಗಾರರಿದ್ದರು. 2019-20ರ ನಾಲ್ಕನೆಯ ಗಣತಿಯಲ್ಲಿ ಅವರ ಸಂಖ್ಯೆ ಸುಮಾರು 35 ಲಕ್ಷಕ್ಕೆ ಇಳಿಯಿತು. ಅದೇ ಗಣತಿಯ ಪ್ರಕಾರ ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಇದು ಒಬ್ಬರದಲ್ಲ, ಇಡೀ ಕುಟುಂಬದ ಆದಾಯ.

ಇಷ್ಟು ಕಡಿಮೆ ಯಾಕೆ? ನಮ್ಮಲ್ಲಿ ಬಹಳ ಮಂದಿ ನೇಕಾರರಿಗೆ ನೂಲು ತಮ್ಮದಲ್ಲ. ಸಾವುಕಾರ ನೂಲು ಕೊಡುತ್ತಾನೆ, ನೇಯ್ದು ಕೊಟ್ಟ ಸೀರೆಗೆ ಮಜೂರಿ ಕೊಡುತ್ತಾನೆ. ಅಂಗಡಿಯಲ್ಲಿ ಸೀರೆಯ ಬೆಲೆ ಏರಿದರೆ ಮಜೂರಿ ಏರಬೇಕೆಂದಿಲ್ಲ. ಇನ್ನು ಇಳಕಲ್ ಸೀರೆಯ ಕೆಲಸ ನೋಡಿ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಆಮೇಲೇ ತೋಪು ತೆನೆಯ ಸೆರಗು. ಹಾಸು ಸಿದ್ಧಪಡಿಸುವುದು, ಕಂಡಿಕೆ ಸುತ್ತುವುದು, ಎಳೆ ಜೋಡಿಸುವುದು ಮನೆಯ ಹೆಣ್ಣುಮಕ್ಕಳ ಪಾಲು. ಮಗ್ಗದ ಮೇಲೆ ಕೂತವನೊಬ್ಬ, ಅವನ ಹಿಂದೆ ದುಡಿದವರು ಇಬ್ಬರು, ಕೈಗೆ ಬರುವ ಮಜೂರಿ ಒಂದೇ. ಜೇಡರ ದಾಸಿಮಯ್ಯನವರ ಹೆಸರಿನೊಂದಿಗೆ ದುಗ್ಗಳೆಯ ಹೆಸರನ್ನೂ ಹೇಳುವ ಪರಂಪರೆ ನಮ್ಮದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ದುಗ್ಗಳೆಗೆ ಇನ್ನೂ ಸಾಲು ಸಿಕ್ಕಿಲ್ಲ.

ಕಸುಬು ಉಳಿಸುವುದು ಹೇಗೆ ಎಂದರೆ ಸಾಮಾನ್ಯವಾಗಿ ಬರುವ ಉತ್ತರ: ಪ್ರಶಸ್ತಿ ಕೊಡಿ, ಗುರುತು ಕೊಡಿ, ಸಹಾಯಧನ ಕೊಡಿ. ಇದನ್ನು ನಮಗಿಂತ ಮೊದಲೇ ಬಹಳ ಶ್ರದ್ಧೆಯಿಂದ ಮಾಡಿದ ದೇಶ ಜಪಾನ್. ಅಲ್ಲಿ 1950ರ ಕಾನೂನಿನ ಅಡಿಯಲ್ಲಿ ಶ್ರೇಷ್ಠ ಕುಶಲಕರ್ಮಿಗಳನ್ನು ಸರಕಾರ ಗುರುತಿಸುತ್ತದೆ. ಜನ ಅವರನ್ನು 'ಜೀವಂತ ರಾಷ್ಟ್ರೀಯ ನಿಧಿ' ಎಂದು ಕರೆಯುತ್ತಾರೆ. ತಮ್ಮ ವಿದ್ಯೆಯನ್ನು ಮುಂದಿನವರಿಗೆ ಕಲಿಸಲು ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ. 1974ರಲ್ಲಿ ಸಾಂಪ್ರದಾಯಿಕ ಕಸುಬುಗಳಿಗೇ ಒಂದು ಕಾಯ್ದೆ ಮಾಡಿದರು. ನೂರು ವರ್ಷದ ಹಿನ್ನೆಲೆ, ಕೈಕೆಲಸ, ದಿನಬಳಕೆಯ ವಸ್ತು ಎಂಬಂಥ ಷರತ್ತುಗಳ ಮೇಲೆ 240ಕ್ಕೂ ಹೆಚ್ಚು ಕಸುಬುಗಳಿಗೆ ಸರಕಾರದ ಮಾನ್ಯತೆ ಸಿಕ್ಕಿದೆ. ಕ್ಯೋಟೋ ನಗರದ ನಿಶಿಜಿನ್ ನೇಕಾರರ ರೇಷ್ಮೆ ಬಟ್ಟೆಯೂ ಅದರಲ್ಲಿದೆ.

ಇಷ್ಟು ಮಾಡಿಯೂ ಈ ಕಸುಬುಗಳ ಒಟ್ಟು ಉತ್ಪಾದನೆ 1980ರ ದಶಕದ ಮೊದಲ ವರ್ಷಗಳಿಗೆ ಹೋಲಿಸಿದರೆ ಸುಮಾರು ಐದನೆಯ ಒಂದು ಪಾಲಿಗೆ ಕುಸಿದಿದೆ. ಕಾರಣ ಸರಳ. ಜನ ದಿನನಿತ್ಯ ಕಿಮೋನೋ ಉಡುವುದನ್ನು ಬಿಟ್ಟರು. ಮರ್ಯಾದೆ ಉಳಿಯಿತು, ಗಿರಾಕಿ ಉಳಿಯಲಿಲ್ಲ. ಮಗ್ಗದ ಮೇಲೆ ಮುದುಕರು ಉಳಿದರು, ಹುಡುಗರು ಬರಲಿಲ್ಲ.

ಅದೇ ಜಪಾನಿನಲ್ಲಿ ಇನ್ನೊಂದು ಉದಾಹರಣೆ ಇದೆ. ಇಸೆ ಎಂಬಲ್ಲಿನ ದೇವಾಲಯವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ಏಳನೆಯ ಶತಮಾನದ ಕೊನೆಗೆ ಶುರುವಾದ ಈ ಪದ್ಧತಿ ನಡುವೆ ಕೆಲಕಾಲ ನಿಂತರೂ ಇಂದಿಗೂ ನಡೆದಿದೆ. ಕಳೆದ ಬಾರಿ ಕಟ್ಟಿದ್ದು 2013ರಲ್ಲಿ. ಕಟ್ಟಡ ಮಾತ್ರವಲ್ಲ, ಒಳಗಿನ ವಸ್ತ್ರ, ಆಯುಧ, ಪರಿಕರಗಳೂ ಹೊಸದಾಗಿ ಆಗಬೇಕು. ಇಪ್ಪತ್ತರ ಹುಡುಗ ಕಲಿಯುತ್ತಾನೆ, ನಲವತ್ತಕ್ಕೆ ತಾನೇ ಮಾಡುತ್ತಾನೆ, ಅರವತ್ತಕ್ಕೆ ಕಲಿಸುತ್ತಾನೆ. ಅಲ್ಲಿನ ಪೂಜಾಪದ್ಧತಿ ನಮಗೆ ಸಂಬಂಧಿಸಿದ್ದಲ್ಲ, ಗುಡಿ ಕಟ್ಟಿರೆಂದು ನಾನು ಹೇಳುತ್ತಲೂ ಇಲ್ಲ. ಕಲಿಯಬೇಕಾದ್ದು ಇಷ್ಟೇ: ಆ ಸಂಸ್ಥೆ ಕುಶಲಕರ್ಮಿಯನ್ನು ಹೊಗಳಿ ಸುಮ್ಮನಾಗಲಿಲ್ಲ, ಅವನಿಗೆ ಕೆಲಸ ಹೇಳಿತು. ಮುಂದಿನ ಕೆಲಸ ಯಾವಾಗ ಬರುತ್ತದೆಂಬುದು ಅವನಿಗೆ ಮೊದಲೇ ಗೊತ್ತು.

ನಮ್ಮ ಹತ್ತಿರದಲ್ಲೇ ಇದರ ಸಾಕ್ಷಿ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಧ್ವಜ ಕೈಯಿಂದ ನೂತು ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮ ಇದ್ದಷ್ಟು ದಿನ ಅಲ್ಲಿಯ ಹೆಣ್ಣುಮಕ್ಕಳಿಗೂ, ಬಟ್ಟೆ ನೇಯುವ ಹಳ್ಳಿಗಳಿಗೂ ಕೆಲಸದ ಭರವಸೆ ಇತ್ತು. 2021ರ ಡಿಸೆಂಬರ್ 30ರಂದು ನಿಯಮ ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಕೊಟ್ಟರು. ಮರುವರ್ಷ ಮನೆಮನೆಯ ಮೇಲೆ ಧ್ವಜ ಹಾರಿತು, ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಕಣ್ಣೀರಿಟ್ಟರು.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಗುರುತು ಇದೆ. 1985ರ ಕಾಯ್ದೆಯಂತೆ ಹನ್ನೊಂದು ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು. ನೇಕಾರ ಸಮ್ಮಾನ್ ಯೋಜನೆಯಡಿ ವರ್ಷಕ್ಕೆ 5,000 ರೂಪಾಯಿ ಕೊಡುವ ವ್ಯವಸ್ಥೆ ಬಂತು. ದಿನಕ್ಕೆ ಭಾಗಿಸಿದರೆ ಹದಿನಾಲ್ಕು ರೂಪಾಯಿಯೂ ಆಗದು. ಬೇಡವೆನ್ನಲಾರೆ, ಆದರೆ ಅದರಿಂದ ಮಗ್ಗ ನಡೆಯದು.

ಹಾಗಾದರೆ ಗಿರಾಕಿ ಯಾರು? ನಾವೇ. ನಮ್ಮ ಮಠಗಳಲ್ಲಿ, ಜಾತ್ರೆಗಳಲ್ಲಿ, ಶರಣ ಸಂಗಮಗಳಲ್ಲಿ ವರ್ಷವಿಡೀ ಎಷ್ಟು ಶಾಲು ಹೊದಿಸುತ್ತೇವೆ! ನಮ್ಮ ಮದುವೆಗಳಲ್ಲಿ ಎಷ್ಟು ಸೀರೆ ಆಹೇರ ಮಾಡುತ್ತೇವೆ! ಆ ಸೀರೆಯನ್ನು ಕೊಟ್ಟವರೂ ಉಡುವುದಿಲ್ಲ, ತಗೊಂಡವರೂ ಉಡುವುದಿಲ್ಲ. ಮಡಿಕೆ ಬಿಚ್ಚದೆ ಮುಂದಿನ ಮದುವೆಗೆ ಹೋಗುತ್ತದೆ. ಒಂದು ಮಠ ವರ್ಷಕ್ಕೆ ಇನ್ನೂರು ಶಾಲು ಹೊದಿಸುತ್ತದೆಂದು ಹಿಡಿಯಿರಿ. ಅದನ್ನು ಐವತ್ತಕ್ಕೆ ಇಳಿಸಿ, ಆ ಐವತ್ತನ್ನು ಕೈಮಗ್ಗದಲ್ಲಿ ನೇಯಿಸಿದರೆ ಖರ್ಚು ಹೆಚ್ಚುಕಡಿಮೆ ಅಷ್ಟೇ ಆದೀತು. ಒಂದೆರಡು ಮಗ್ಗಗಳಿಗೆ ಕೆಲವು ತಿಂಗಳ ಕೆಲಸವಾದೀತು. ಹತ್ತು ಮಠಗಳು ಹೀಗೆ ಮಾಡಿದರೆ ಒಂದು ಓಣಿ ಉಳಿದೀತು.

ಆಕ್ಷೇಪಗಳು ನನಗೆ ಗೊತ್ತು. ವಿದ್ಯುತ್ ಮಗ್ಗದವರೂ ನಮ್ಮವರೇ ಅಲ್ಲವೇ? ಹೌದು, ರಬಕವಿ-ಬನಹಟ್ಟಿಯಿಂದ ನಮ್ಮೂರವರೆಗೆ ಅವರ ಪಾಡೂ ಕಷ್ಟದ್ದೇ. ಅವರ ಅನ್ನ ಕಸಿಯುವ ಮಾತಲ್ಲ ಇದು. ನಮ್ಮ ಸನ್ಮಾನದ ಶಾಲುಗಳು ಅವರ ಮಗ್ಗದಿಂದಲೂ ಬರುತ್ತಿಲ್ಲ, ಸಗಟು ಪೇಟೆಯ ಗಂಟುಗಳಲ್ಲಿ ದೂರದಿಂದ ಬರುತ್ತಿವೆ.

ಇನ್ನೊಂದು ಪ್ರಶ್ನೆ ಗಟ್ಟಿಯಾದದ್ದು. ನೇಕಾರನ ಮಗ ನೇಕಾರನೇ ಆಗಬೇಕೇ? ಬೇಕಿಲ್ಲ. ಕಾಯಕ ಎಂದರೆ ಹುಟ್ಟಿನಿಂದ ಹೊರಿಸಿದ ಹೊರೆಯಲ್ಲ. ಸಂಸ್ಕೃತಿ ಉಳಿಯಲೆಂದು ಹೊಟ್ಟೆಗೆ ಸಾಲದ ಮಜೂರಿಗೆ ಹುಡುಗನೊಬ್ಬನನ್ನು ಕುಣಿಯಲ್ಲಿ ಕೂಡಿಸುವ ಹಕ್ಕು ನಮಗಿಲ್ಲ. ಆದರೆ ಮಗ್ಗ ಹಿಡಿಯಬೇಕೆನ್ನುವ ಹುಡುಗನಿಗೂ, ಹುಡುಗಿಗೂ, ಅವರು ಯಾವ ಜಾತಿಯವರೇ ಇರಲಿ, ಗೌರವದಿಂದ ಬದುಕುವಷ್ಟು ಸಿಗಬೇಕು. ಅದನ್ನು ಕೊಡದೆ ಕಾಯಕದ ಮಹಿಮೆ ಹೇಳುವುದು ಬಾಯಿಮಾತು.

ಆದ್ದರಿಂದ ಪೂಜ್ಯರಲ್ಲಿಯೂ ಶರಣ ಬಂಧುಗಳಲ್ಲಿಯೂ ನನ್ನ ಬಿನ್ನಹ ಇಷ್ಟು. ಸನ್ಮಾನಗಳನ್ನು ಕಡಿಮೆ ಮಾಡಿ, ಮಾಡುವಷ್ಟಕ್ಕೆ ಕೈಮಗ್ಗದ ವಸ್ತ್ರವನ್ನೇ ಕೊಡಿ. ಜಾತ್ರೆಗೆ ನಾಲ್ಕು ತಿಂಗಳು ಮುಂಚೆ ನೇಕಾರರಿಗೇ ನೇರವಾಗಿ ಕೆಲಸ ಹೇಳಿ, ನೂಲಿಗೆ ಮುಂಗಡ ಕೊಡಿ. ಬೆಲೆ ಕಟ್ಟುವಾಗ ಕಂಡಿಕೆ ಸುತ್ತಿದವರ ಕೂಲಿಯನ್ನೂ ಸೇರಿಸಿ. ಮದುವೆಯಲ್ಲಿ ಹತ್ತು ಸೀರೆ ಆಹೇರ ಮಾಡುವ ಬದಲು, ಉಡುವಂಥದ್ದು ಒಂದು ಕೊಡಿ, ಇಲ್ಲವೇ ಒಂದು ಖಣ ಕೊಡಿ.

ನಾನಂತೂ ಸಣ್ಣದಾಗಿ ಶುರು ಮಾಡಿದ್ದೇನೆ. ಈಗ ಯಾರಾದರೂ ಸನ್ಮಾನಕ್ಕೆ ಕರೆದರೆ, ಶಾಲು ಬೇಡ, ಕೊಡಲೇಬೇಕೆಂದಿದ್ದರೆ ಕೈಮಗ್ಗದ ಒಂದು ಟಾವೆಲ್ ಸಾಕು ಎನ್ನುತ್ತೇನೆ. ಮೊದಲ ಟಾವೆಲ್ ಬಂದ ದಿನ ಅದನ್ನು ಆ ಹಿರಿಯರಿಗೆ ತೋರಿಸಿದೆ. ಬೆರಳಲ್ಲಿ ತಿಕ್ಕಿ ನೋಡಿದರು. "ಇದು ಕೈದ ಐತ್ರಿ," ಎಂದರು. ಆಮೇಲೆ ಸ್ವಲ್ಪ ತಡೆದು, "ಇನ್ನೊಂದೀಟು ಮೊದಲ ಕೇಳಿದ್ರ, ಕುಣಿ ಮುಚ್ಚತಿದ್ದಿಲ್ರಿ," ಎಂದರು.

ನಮ್ಮೂರಲ್ಲಿ ಮುಚ್ಚದ ಕುಣಿಗಳು ಇನ್ನೂ ಇವೆ. ಅವರನ್ನಾದರೂ ಮೊದಲೇ ಕೇಳೋಣ.