ಗಾಡಿಗೆ ನಲವತ್ತು ತುಂಬಿದರೆ ಹೊಗೆಗೂ ವಿನಾಯಿತಿಯೇ?

ಯುಗಾದಿಯ ಊಟದ ಪಂಕ್ತಿಯಲ್ಲಿ ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಎದುರು ಸಾಲಿನಿಂದ ಒಂದು ಮಾತು ಕೇಳಿಬಂತು. ಮಿತ್ರರೊಬ್ಬರು ಹದಿನೇಳು ತುಂಬಲಿರುವ ಮಗನಿಗಾಗಿ ಸೆಕೆಂಡ್‌ಹ್ಯಾಂಡ್ ಟೂ-ಸ್ಟ್ರೋಕ್ ಟ್ರೇಲ್ ಬೈಕೊಂದನ್ನು ಹುಡುಕುತ್ತಿದ್ದಾರೆ: 1980ರ ದಶಕದ ಯಮಹಾ ಡಿಟಿ 125, ಅದು ಸಿಕ್ಕದಿದ್ದರೆ ಸುಜುಕಿ ಟಿಎಸ್. ಕೂಡಲೇ ಅಕ್ಕಪಕ್ಕದಿಂದ ಸಲಹೆಗಳು ಹರಿದುಬಂದವು. ನಲವತ್ತು ವರ್ಷ ದಾಟಿದ್ದನ್ನೇ ಕೊಳ್ಳಿರಿ, ಯುಲೆಜ್ ಇಲ್ಲ, ರಸ್ತೆ ತೆರಿಗೆಯಿಲ್ಲ, ಎಂಒಟಿಯೂ ಇಲ್ಲ ಎಂದರು ಒಬ್ಬರು. ನಾವೆಲ್ಲ ಆರ್‌ಎಕ್ಸ್ 100 ಓಡಿಸಿಯೇ ದೊಡ್ಡವರಾದದ್ದಲ್ಲವೇ, ಏನಾಯಿತು ಎಂದರು ಇನ್ನೊಬ್ಬರು. ಪಂಕ್ತಿಯೆಲ್ಲ ನಕ್ಕಿತು. ನಾವೂ ನಕ್ಕೆವು, ಅದಕ್ಕಾಗಿ ಈಗ ನಾಚಿಕೆಯಾಗುತ್ತಿದೆ. ಅಂದು ಎಲೆಯ ಮುಂದೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ: ಆ ಬೈಕನ್ನು ಕೊಳ್ಳಬಾರದು.

ಇದು ಟೂ-ಸ್ಟ್ರೋಕಿನ ರುಚಿ ಅರಿಯದವರ ಮಾತಲ್ಲ. ನಾವು ವೈದ್ಯಕೀಯ ಓದಿದ್ದು ಮೈಸೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿಗಳನ್ನು ಹೊರತಂದು 1996ರಲ್ಲಿ ಬಾಗಿಲು ಮುಚ್ಚಿತ್ತು. ಆದರೆ ಊರಿನ ಬೀದಿಗಳಲ್ಲಿ ಯೆಜ್ಡಿ ಮುಚ್ಚಿರಲಿಲ್ಲ. ಕಿಕ್ಕರನ್ನೇ ಮಡಚಿ ಗೇರಿನ ಕಡ್ಡಿಯನ್ನಾಗಿಸುವ ಆ ಚಮತ್ಕಾರ, ಎರಡು ಸೈಲೆನ್ಸರುಗಳ ಆ ದನಿ, ಬೆಳಗಿನ ಚಳಿಯಲ್ಲಿ ಟೂ-ಟಿ ಆಯಿಲಿನ ಆ ವಾಸನೆ ಇಂದಿಗೂ ನಮ್ಮನ್ನು ಒಂದು ಗಳಿಗೆ ನಿಲ್ಲಿಸಬಲ್ಲವು. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿಯವರು ಒಟ್ಟು ಸೇರುವ ಚಿತ್ರಗಳು ಬಂದಾಗ ನಾವೂ ಕಣ್ಣರಳಿಸಿ ನೋಡುತ್ತೇವೆ. ನೆನಪಿನ ವಿರುದ್ಧ ನಮ್ಮ ತಕರಾರಿಲ್ಲ. ನಮ್ಮ ನೆನಪಿನ ಬಿಲ್ಲನ್ನು ಮಕ್ಕಳ ಎಲುಬಿಗೂ ನೆರೆಯವರ ಶ್ವಾಸಕೋಶಕ್ಕೂ ಬರೆಯುವುದರ ವಿರುದ್ಧ ಮಾತ್ರ.

ಮೊದಲು ಹೊಗೆಯ ಮಾತು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರದಬ್ಬುವುದು ಎಂಬ ನಾಲ್ಕು ಕೆಲಸಗಳಿಗೆ ನಾಲ್ಕು ಪ್ರತ್ಯೇಕ ಹೊಡೆತಗಳಿವೆ. ಬಾಗಿಲು ತೆರೆದು ಮುಚ್ಚಲು ವಾಲ್ವುಗಳಿವೆ. ಹಳೆಯ ಟೂ-ಸ್ಟ್ರೋಕ್ ಬೈಕಿನಲ್ಲಿ ಅಂಥ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಷ್ಟೇ. ಸುಟ್ಟ ಅನಿಲ ಹೊರಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲು-ಗಾಳಿಯ ಮಿಶ್ರಣ ಒಳನುಗ್ಗುತ್ತದೆ. ಅದರಲ್ಲೊಂದು ಗಣನೀಯ ಪಾಲು ಉರಿಯದೆ ನೇರವಾಗಿ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಸಾಲದೆಂಬಂತೆ ಎಂಜಿನ್ನಿಗೆ ಜಾರಿಕೆ ಕೊಡುವ ಎಣ್ಣೆಯೂ ಪೆಟ್ರೋಲಿನೊಡನೆಯೇ ಸುಡುತ್ತದೆ. ನಮಗೆ ಪರಿಮಳವೆನಿಸುವ ಆ ನೀಲಿ ಹೊಗೆಯೆಂದರೆ ಅರೆಬೆಂದ ಎಣ್ಣೆಯ ಸೂಕ್ಷ್ಮ ಕಣಗಳು. ಉರಿಯದ ಪೆಟ್ರೋಲಿನೊಡನೆ ಬರುವುದು ಬೆಂಜೀನ್, ಅದು ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ನಿಶ್ಚಿತವಾಗಿ ತಿಳಿದಿರುವ ವಸ್ತು. ಜತೆಗೆ ಕಾರ್ಬನ್ ಮಾನಾಕ್ಸೈಡ್: ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವ ಅನಿಲ. ಮಳೆಯ ದಿನ ಗ್ಯಾರೇಜಿನ ಬಾಗಿಲೆಳೆದುಕೊಂಡು ಕಾರ್ಬ್ಯುರೇಟರ್ ಹೊಂದಿಸುತ್ತ ಕೂತವರಿಗೆ ತಲೆನೋವು, ವಾಕರಿಕೆ ಬಂದರೆ ಅದನ್ನು ನೆಗಡಿ ಜ್ವರವೆಂದು ಭಾವಿಸುವುದು ಬಹಳ ಸುಲಭ.

ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಟೂ-ಸ್ಟ್ರೋಕ್ ಆಟೋಗಳ ಹಿಂದೆ ಸಿಗ್ನಲ್ಲಿನಲ್ಲಿ ನಿಂತು ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿದ ತಲೆಮಾರು ನಮ್ಮದು. ಅಂದು ಆ ಆಟೋಗಳನ್ನು ಬೈದವರೇ ಇಂದು ಹ್ಯಾರೋದಲ್ಲಿಯೂ ಕ್ರಾಯ್ಡನ್ನಿನಲ್ಲಿಯೂ ಅದೇ ಹೊಗೆಗೆ ಹಣ ತೆರಲು ಸಿದ್ಧರಾಗಿರುವುದನ್ನು ಏನೆನ್ನೋಣ?

ಇನ್ನು ವಿನಾಯಿತಿ. 2019ರ ಏಪ್ರಿಲ್ 8ರಂದು ನಗರಮಧ್ಯದಲ್ಲಿ ಆರಂಭವಾದ ಯುಲೆಜ್ 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ ಹರಡಿದೆ. ಯೂರೋ 3 ಮಟ್ಟ ಮುಟ್ಟದ ಬೈಕು ರಸ್ತೆಗಿಳಿದ ಪ್ರತಿ ದಿನಕ್ಕೂ 12.50 ಪೌಂಡ್. 1990ರ ದಶಕದ ಡಿಟಿಯೊಂದನ್ನು ಮಗ ವಾರಕ್ಕೆ ಐದು ದಿನ ಕಾಲೇಜಿಗೆ ಒಯ್ದರೆ 62.50 ಪೌಂಡ್ ಆಯಿತು. ಕೆಲವೇ ತಿಂಗಳುಗಳಲ್ಲಿ ಬೈಕಿನ ಬೆಲೆಯನ್ನೇ ದಂಡದಂತೆ ತೆತ್ತ ಹಾಗೆ. ಆದ್ದರಿಂದಲೇ ನಮ್ಮವರ ಜಾಣತನ ನಲವತ್ತು ವರ್ಷದ ಗಾಡಿಯ ಕಡೆ ಹರಿಯುವುದು. ಐತಿಹಾಸಿಕ ವಾಹನವೆಂದು ನೋಂದಣಿಯಾದರೆ ಯುಲೆಜ್ ಶುಲ್ಕವಿಲ್ಲ, ತೆರಿಗೆಯಿಲ್ಲ, ಹೆಚ್ಚು ಮಾರ್ಪಾಡಾಗದಿದ್ದರೆ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಮಾತು ನಿಜ. ಆದರೆ ಆ ವಿನಾಯಿತಿ ಅಕ್ಕರೆಯಿಂದ ಕಾಪಾಡಿ ವರ್ಷಕ್ಕೆ ನಾಲ್ಕಾರು ಸಲ ಹೊರತೆಗೆಯುವ ಪರಂಪರೆಯ ವಾಹನಗಳಿಗೆ ಒಪ್ಪುವಂಥದು. ಹದಿನೇಳರ ಹುಡುಗನ ದಿನನಿತ್ಯದ ಸವಾರಿಗೆ ಅದನ್ನು ಬಳಸುವುದು ಕಾನೂನಿಗೆ ಸರಿ, ನೆರೆಮನೆಗೆ ಸರಿಯಲ್ಲ. ಅಷ್ಟಲ್ಲದೆ, ಬ್ರೇಕಿನ ಕೇಬಲ್ಲು ಸವೆದಿದೆಯೇ, ಚೌಕಟ್ಟು ತುಕ್ಕು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ಬೇರೊಬ್ಬರ ಕಣ್ಣು ನೋಡುವ ಏರ್ಪಾಡನ್ನು ತಪ್ಪಿಸಿಕೊಳ್ಳುವುದನ್ನೇ ಲಾಭವೆಂದು ಎಣಿಸುವ ತಂದೆಯ ಲೆಕ್ಕ ನಮಗೆ ಅರ್ಥವಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ಜಾಣತನವೂ ಉಂಟು. ಬೈಕುಗಳ ವಿಷಯದಲ್ಲಿ ಯುಲೆಜ್ ಅಳೆಯುವುದು ನೈಟ್ರೋಜನ್ ಆಕ್ಸೈಡುಗಳನ್ನು, ಕಿಲೋಮೀಟರಿಗೆ 0.15 ಗ್ರಾಂ ಮೀರದೆಂದು ಪರೀಕ್ಷೆಯಿಂದ ತೋರಿಸಿಕೊಟ್ಟರೆ ಹಳೆಯ ಬೈಕೂ ಶುಲ್ಕದಿಂದ ಪಾರಾಗಬಹುದು. ಟೂ-ಸ್ಟ್ರೋಕ್ ಎಂಜಿನ್ನು ಸ್ವಭಾವತಃ ಈ ಅನಿಲವನ್ನು ಕಡಿಮೆ ಉಗುಳುತ್ತದೆ. ಹೀಗಾಗಿ ಸಿಹಿಮೂತ್ರದ ರೋಗಿ ರಕ್ತದೊತ್ತಡದ ವರದಿ ತೋರಿಸಿ ತಾನು ಆರೋಗ್ಯವಂತನೆಂದಂತೆ, ನೀಲಿ ಹೊಗೆಯ ಗಾಡಿ ಶುದ್ಧವೆಂಬ ಪ್ರಮಾಣಪತ್ರ ಪಡೆದೀತು. ಎಂಒಟಿಯಲ್ಲಿ ಕೂಡ ಇಲ್ಲಿ ಬೈಕಿನ ಹೊಗೆಯನ್ನು ಯಂತ್ರವಿಟ್ಟು ಅಳೆಯುವುದಿಲ್ಲ. ನಮ್ಮೂರಿನ ಪೆಟ್ರೋಲ್ ಬಂಕಿನ ಬದಿಯ ಎಮಿಷನ್ ಟೆಸ್ಟ್ ವ್ಯಾನನ್ನು ಗೇಲಿ ಮಾಡುವವರು ಇದನ್ನು ಗಮನಿಸಬೇಕು. ಕಾಗದದಲ್ಲಿ ಶುಲ್ಕವಿಲ್ಲವೆಂದರೆ ಗಾಳಿಯಲ್ಲಿ ವಿಷವಿಲ್ಲವೆಂದಲ್ಲ.

ಲೂಯಿಶಮ್ಮಿನ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಕಿ 2013ರ ಫೆಬ್ರವರಿಯಲ್ಲಿ ಆಸ್ತಮಾದಿಂದ ತೀರಿಕೊಂಡಳು. ಅವಳ ಮನೆ ಸೌತ್ ಸರ್ಕ್ಯುಲರ್ ರಸ್ತೆಯ ಸಮೀಪದಲ್ಲಿತ್ತು. ತಾಯಿ ರೋಸಮಂಡ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2020ರ ಡಿಸೆಂಬರಿನಲ್ಲಿ ಕೊರೋನರ್ ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಿಸಿದರು. ಅವಳನ್ನು ಕೊಂದದ್ದು ಟೂ-ಸ್ಟ್ರೋಕ್ ಬೈಕೆಂದು ನಾವು ಹೇಳುತ್ತಿಲ್ಲ. ಆ ರಸ್ತೆ ಕಾರು, ಲಾರಿಗಳ ರಸ್ತೆ. ಡೀಸೆಲ್ ಎಸ್‌ಯುವಿಯಲ್ಲಿ ಸಂಘದ ಕಾರ್ಯಕ್ರಮಕ್ಕೆ ಬಂದಿಳಿಯುವವರಿಗೆ ಬಡಪಾಯಿ ಬೈಕನ್ನು ಬೈಯುವ ಹಕ್ಕೆಲ್ಲಿದೆ ಎಂದು ಕೇಳಿದರೆ ಆ ಪ್ರಶ್ನೆಗೆ ನಾವು ತಲೆಬಾಗುತ್ತೇವೆ. ಆದರೆ ನಮ್ಮ ಆರೋಗ್ಯ ಶಿಬಿರಗಳಿಗೆ ಇನ್‌ಹೇಲರ್ ಹಿಡಿದು ಬರುವ ಮಕ್ಕಳನ್ನು ನೋಡಿದವರಿಗೆ, ಇರುವ ಹೊಗೆಗೆ ಹವ್ಯಾಸಕ್ಕಾಗಿ ಇನ್ನೊಂದಿಷ್ಟು ಸೇರಿಸೋಣವೆಂಬ ಮಾತು ಹಗುರವಾಗಿ ಕೇಳುವುದಿಲ್ಲ.

ಮಗನ ವಿಷಯಕ್ಕೆ ಬರೋಣ. ಇಲ್ಲಿ ಹದಿನಾರಕ್ಕೆ 50 ಸಿಸಿ ಮೊಪೆಡ್. ಹದಿನೇಳಕ್ಕೆ ಸಿಬಿಟಿ ತರಬೇತಿ ಮುಗಿಸಿ ಎಲ್ ಫಲಕ ಕಟ್ಟಿಕೊಂಡು 125 ಸಿಸಿ, 11 ಕಿಲೋವಾಟ್ ಮೀರದ ಬೈಕು. ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಕಲಿಯುವವರ ಮಿತಿಗೆ ಒಗ್ಗಲೆಂದು ಆ ಕಾಲದ ಎಷ್ಟೋ 125ಗಳ ಉಸಿರಿಗೆ ಕಾರ್ಖಾನೆಯಲ್ಲಿಯೇ ತಡೆ ಹಾಕಿ ಮಾರಿದ್ದರು. ನಲವತ್ತು ವರ್ಷಗಳಲ್ಲಿ ಐದಾರು ಕೈ ಬದಲಾದ ಬೈಕಿನಲ್ಲಿ ಆ ತಡೆ ಉಳಿದಿರುವುದು ಅಪರೂಪವೆಂದೇ ನಮ್ಮ ಗುಮಾನಿ. ಮಾರುವವನ ಜಾಹೀರಾತಿನಲ್ಲಿ 'ಡಿರಿಸ್ಟ್ರಿಕ್ಟೆಡ್' ಎಂಬುದು ಹೊಗಳಿಕೆ. ಮಿತಿ ದಾಟಿದ ಬೈಕಿನ ಮೇಲೆ ಕೂತ ಹುಡುಗನಿಗೆ ಅದರರ್ಥ, ಅವನ ಲೈಸೆನ್ಸು ಆ ಬೈಕಿಗೆ ಸಲ್ಲದು, ತಿಳಿಸದೆ ಬಿಟ್ಟ ಮಾರ್ಪಾಡಿಗಾಗಿ ವಿಮೆ ಕೈಕೊಡಬಹುದು. ಟೂ-ಸ್ಟ್ರೋಕಿನ ಶಕ್ತಿ ಮೆಲ್ಲಗೆ ಏರುವುದೂ ಇಲ್ಲ. ಒಂದು ವೇಗದವರೆಗೆ ಸುಮ್ಮನಿದ್ದು ಒಮ್ಮೆಲೇ ಎಗರುತ್ತದೆ. ಅದೇ ಅದರ ಮಜಾ. ಮಳೆ ಬಿದ್ದ ಎ40ರ ತಿರುವಿನಲ್ಲಿ ಹೊಸಬನಿಗೆ ಅದೇ ಅದರ ಅಪಾಯ.

ಅಂದ ಹಾಗೆ, ಒಂದು ರೌಂಡು ಹೊಡೆದು ನೋಡುತ್ತೇನೆಂದು ಹೊರಡುವ ತಂದೆಯರೂ ಗಮನಿಸಬೇಕು: ಇಲ್ಲಿ ನೆಲೆಸಿ ಹನ್ನೆರಡು ತಿಂಗಳು ಕಳೆದ ಮೇಲೆ ಊರಿನ ಲೈಸೆನ್ಸು ಪೆಟ್ಟಿಗೆಯಲ್ಲಿಡುವ ನೆನಪು ಮಾತ್ರ.

ರಸ್ತೆಯಲ್ಲಿ ಬೇಡ, ಮಣ್ಣಿನಲ್ಲಿ ಓಡಿಸಲಿ ಎನ್ನುತ್ತೀರಾ? ಯಾವ ಮಣ್ಣು? ಹೌನ್ಸ್ಲೋ ಹೀತೂ ಎಪ್ಪಿಂಗ್ ಫಾರೆಸ್ಟೂ ಗೋಮಾಳವಲ್ಲ. ಅಧಿಕಾರವಿಲ್ಲದೆ ಇಂಥ ಬಯಲಿನಲ್ಲಿ, ಕಾಲುದಾರಿಯಲ್ಲಿ ಮೋಟಾರು ವಾಹನ ಓಡಿಸುವುದು 1988ರ ರಸ್ತೆ ಸಂಚಾರ ಕಾಯಿದೆಯ ಪ್ರಕಾರ ಅಪರಾಧ. ಜನರಿಗೆ ಕಿರುಕುಳವಾದರೆ 2002ರ ಪೊಲೀಸ್ ಸುಧಾರಣಾ ಕಾಯಿದೆಯಡಿ ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ಎಲ್ಲ ವಾಹನಗಳಿಗೂ ತೆರೆದ ಹಳೆಯ ಮಣ್ಣುದಾರಿಗಳು ಸರ್ರೆಯಲ್ಲಿ, ಕೆಂಟಿನಲ್ಲಿ ಇವೆ. ಅಲ್ಲಿಗೂ ನಂಬರು, ವಿಮೆ, ಲೈಸೆನ್ಸು ಬೇಕು, ಅಲ್ಲಿಗೆ ತಲುಪುವುದು ಮತ್ತದೇ ರಸ್ತೆಯಲ್ಲಿ.

ಕೊನೆಗೆ ಉಳಿಯುವುದು 'ನಾವೂ ಓಡಿಸಿದ್ದೆವಲ್ಲ, ಏನಾಯಿತು' ಎಂಬ ಮಾತು. ಆ ಮಾತನ್ನು ಪಂಕ್ತಿಯಲ್ಲಿ ಕೂತು ಹೇಳಬಲ್ಲವರು ಪಂಕ್ತಿಗೆ ಬರಲು ಉಳಿದವರು ಮಾತ್ರ. ಹೌಸ್ ಸರ್ಜನ್ಸಿಯ ದಿನಗಳಲ್ಲಿ ಒಂದು ರಾತ್ರಿ ಕ್ಯಾಶುಯಲ್ಟಿಗೆ ಕರೆತಂದ ಹುಡುಗನ ಒಂದು ಕಾಲಿನಲ್ಲಿ ಚಪ್ಪಲಿಯಿತ್ತು, ಇನ್ನೊಂದರಲ್ಲಿರಲಿಲ್ಲ. ಹೆಲ್ಮೆಟ್ಟು ಬೈಕಿನ ಪಕ್ಕದಲ್ಲಿ ನೇತಾಡುತ್ತಿತ್ತೆಂದು ಜತೆಗೆ ಬಂದವರು ಹೇಳಿದರು. ಗಾಡಿ ಆರ್‌ಎಕ್ಸ್ 100. ಅವನ ತಂದೆ ಬರುವ ತನಕ ಆ ಒಂಟಿ ಚಪ್ಪಲಿಯನ್ನು ಎಲ್ಲಿಡಬೇಕೆಂದು ನಮಗೆ ತಿಳಿಯಲಿಲ್ಲ. ಬ್ರಿಟನ್ನಿನ ರಸ್ತೆಗಳಲ್ಲಿಯೂ ಬೈಕುಗಳ ಸಂಚಾರ ಒಟ್ಟು ಸಂಚಾರದ ಶೇಕಡಾ 1ರಷ್ಟಿದ್ದರೆ, ರಸ್ತೆ ಸಾವುಗಳಲ್ಲಿ ಬೈಕ್ ಸವಾರರ ಪಾಲು ಸುಮಾರು ಐದರಲ್ಲೊಂದು.

ಬೈಕಿನ ಆಸೆ ನಿಜಕ್ಕೂ ತಂದೆಯದಾಗಿದ್ದರೆ, ತಂದೆಯೇ ಸಿಬಿಟಿ ಮುಗಿಸಿ, ಪೂರ್ಣ ಪರೀಕ್ಷೆ ತೇರ್ಗಡೆಯಾಗಿ, ತಮ್ಮ ಹೆಸರಿನಲ್ಲಿಯೇ ಹಳೆಯ ಗಾಡಿಯೊಂದನ್ನಿಟ್ಟುಕೊಂಡು ವರ್ಷಕ್ಕೆರಡು ಭಾನುವಾರ ಊರ ಹೊರಗೆ ಓಡಿಸಲಿ, ನಾವು ಚಕಾರವೆತ್ತುವುದಿಲ್ಲ. ಮಗನಿಗೇ ಬೈಕು ಬೇಕಿದ್ದರೆ ಎಬಿಎಸ್ ಇರುವ, ವಿಮೆಯ ಕಾಗದ ಚೊಕ್ಕವಾಗಿರುವ ಸಣ್ಣ ಫೋರ್-ಸ್ಟ್ರೋಕ್ ಇದೆ.

ಇಷ್ಟಾದರೂ ಆ ಮಿತ್ರರು ಬರುವ ಶನಿವಾರ ಗಾಡಿ ನೋಡಲು ಹೊರಟಿದ್ದಾರೆ. ನಾವೂ ಜತೆಗೆ ಬರುತ್ತೇವೆಂದಿದ್ದೇವೆ, ಅಲ್ಲಿಯೂ ಬೇಡವೆನ್ನಲು. ವಿ5ಸಿ ಪುಸ್ತಕದಲ್ಲಿರುವ ಚಾಸಿ ನಂಬರಿಗೂ ಚೌಕಟ್ಟಿನ ಮೇಲೆ ಕೊರೆದಿರುವುದಕ್ಕೂ ತಾಳೆ ನೋಡಬೇಕು, ನಂಬರು ಉಜ್ಜಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು. ಆ ಪುಸ್ತಕ ಒಡೆತನದ ಪತ್ರವಲ್ಲವಾದ್ದರಿಂದ ಕೊಂಡ ರಸೀದಿಯನ್ನೂ ಕೇಳಬೇಕು. ನಾವು ಬರುವ ಮೊದಲು ಗಾಡಿಯನ್ನು ಸ್ಟಾರ್ಟ್ ಮಾಡಬೇಡಿರೆಂದು ಮಾರುವವನಿಗೆ ಮುಂಚೆಯೇ ಹೇಳಿಸಿದ್ದೇವೆ. ಬಿಸಿಯಾದ ಟೂ-ಸ್ಟ್ರೋಕ್ ತನ್ನ ಕಾಯಿಲೆಗಳನ್ನು ಬಚ್ಚಿಡುತ್ತದೆ. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಟ್ಟು, ಅದು ತಣ್ಣಗಿದೆಯೇ ಎಂದು ನೋಡುವವರು ನಾವೇ.