ಕುದುರೆಗೆ ಭಾಷೆಯಿಲ್ಲ, ಗುರುವಿಗುಂಟು

ಡ್ರೆಸ್ಸಾಜ್, ಅಂದರೆ ಕುದುರೆಯ ಶಿಸ್ತಿನ ನಡೆಯ ವಿದ್ಯೆ, ಕಲಿಯಲು ಜರ್ಮನಿಗೆ ಹೋಗುವವರಿಗೆ ಇಂಗ್ಲಿಷೇ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ಕುದುರೆಗೆ ಭಾಷೆಯಿಲ್ಲ, ನಿಜ, ಕಲಿಸುವ ಗುರುವಿಗುಂಟಲ್ಲ!

ಅಲ್ಲಿನ ತರಬೇತಿಯ ಆರು ಮೆಟ್ಟಿಲುಗಳಲ್ಲಿ ಮೊದಲನೆಯದು ‘ಟಾಕ್ಟ್’, ಹೆಜ್ಜೆಯ ಲಯ. ಎರಡನೆಯದು ‘ಲೋಸ್‌ಗೆಲಾಸೆನ್‌ಹೈಟ್’. ಇಂಗ್ಲಿಷಿನಲ್ಲಿ ಇದನ್ನು ‘ರಿಲ್ಯಾಕ್ಸೇಶನ್’ ಎನ್ನುವುದುಂಟು. ಅದನ್ನೇ ನಂಬಿದ ಸವಾರ ಕುದುರೆಯನ್ನು ಜೋಲುಬಿಟ್ಟಾನು. ಮೂಲದ ಅರ್ಥವಾದರೋ ಬಿಗಿತವಿಲ್ಲದೆ ಸ್ನಾಯುಗಳು ಚುರುಕಾಗಿ ದುಡಿಯುವ ಸ್ಥಿತಿ. ಪದವನ್ನು ತಪ್ಪಾಗಿ ಗ್ರಹಿಸಿದರೆ ನೋಯುವುದು ಮೂಕಪ್ರಾಣಿಯ ಬೆನ್ನು.

ಕೋಲ್ಕತ್ತದ ಅನುಷ್ ಅಗರ್‌ವಾಲಾ ಹದಿಹರೆಯದಲ್ಲೇ ಜರ್ಮನಿಯಲ್ಲಿ ನೆಲೆಸಿ ಪಳಗಿದವರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತಂಡದ ಚಿನ್ನ, ವೈಯಕ್ತಿಕ ಕಂಚು ಗೆದ್ದರು. ಅಂಥ ದೀರ್ಘ ಸಾಧನೆಗೆ ಹೊರಡುವ ಮಕ್ಕಳೇ, ವಿದ್ಯೆ ಬೇಕು, ಅದರ ನುಡಿ ಬೇಡವೆಂದರೆ ಸಲ್ಲದು. ಜೀನಿನೊಡನೆ ವ್ಯಾಕರಣವನ್ನೂ ಹೊತ್ತು ಹೋಗಿರಿ.